ಕ್ಯಾಮರಾದ ಹಿಂದೆ ಹೆಣ್ಣು ನಿಂತರೆ ಕಾಣುವುದು ಬೇರೆಯೇ?

ಗೂಡಲೂರಿನಿಂದ ಮಸಿನಗುಡಿಗೆ ಹೋಗುವ ದಾರಿಯಲ್ಲಿ, ಮುದುಮಲೆಯ ಕಾಡಿನ ನಡುವೆ, ಮೋಯಾರ್ ಹೊಳೆಯ ದಂಡೆಯಲ್ಲಿರುವ ತೆಪ್ಪಕಾಡು ಆನೆ ಶಿಬಿರ ನೀಲಗಿರಿಯ ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನಿಂದ ಬಂಡೀಪುರದ ಮೂಲಕ ಉದಕಮಂಡಲಕ್ಕೆ ಬರುವ ವಾಹನಗಳು ಹಾದುಹೋಗುವುದೂ ಆ ಕಾಡಿನಲ್ಲೇ. 2023ರ ಮಾರ್ಚ್ ತಿಂಗಳಲ್ಲಿ ಈ ಶಿಬಿರದ ಹೆಸರು ದೇಶವಿದೇಶಗಳ ಪತ್ರಿಕೆಗಳಲ್ಲಿ ಅಚ್ಚಾಯಿತು. ಅಲ್ಲಿ ಚಿತ್ರೀಕರಿಸಿದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಎಂಬ ಸುಮಾರು 40 ನಿಮಿಷಗಳ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. ಭಾರತೀಯ ನಿರ್ಮಾಣದ ಸಾಕ್ಷ್ಯಚಿತ್ರವೊಂದಕ್ಕೆ ಈ ಮನ್ನಣೆ ಸಂದದ್ದು ಅದೇ ಮೊದಲು. ಅದನ್ನು ನಿರ್ದೇಶಿಸಿದ ಕಾರ್ತಿಕಿ ಗೊನ್ಸಾಲ್ವಿಸ್ ನೀಲಗಿರಿಯಲ್ಲೇ ಬೆಳೆದ ಹೆಣ್ಣುಮಗಳು. ಅದು ಅವರು ನಿರ್ದೇಶಿಸಿದ ಮೊದಲ ಚಿತ್ರ.

ಪ್ರಶಸ್ತಿಯ ಸಂಭ್ರಮ ಮುಗಿದ ಮೇಲೂ ಒಂದು ಪ್ರಶ್ನೆ ಉಳಿದುಕೊಳ್ಳುತ್ತದೆ. ಆ ಚಿತ್ರ ಹಾಗೆ ಮೂಡಿಬಂದದ್ದು ಅದರ ನಿರ್ದೇಶಕಿ ಹೆಂಗಸಾದುದರಿಂದಲೇ? ಹೆಣ್ಣಿಗೆ ಸಿನಿಮಾದಲ್ಲಿ ತನ್ನದೇ ಆದ ದೃಷ್ಟಿಯೊಂದು ಉಂಟೇ? ಅಥವಾ ಒಳ್ಳೆಯ ನಿರ್ದೇಶಕ, ಕೆಟ್ಟ ನಿರ್ದೇಶಕ ಎಂಬ ಎರಡೇ ಜಾತಿಗಳೇ? ಇದು ಚಿತ್ರರಂಗದವರ ಚರ್ಚೆ, ನಮಗೇತಕ್ಕೆ ಎಂದು ವಾಚಕರು ಪುಟ ತಿರುವದಿರಲಿ. ಅನ್ಯ ಭಾಷೆಯ ಜಿಲ್ಲೆಗಳಲ್ಲಿ ಬಾಳುವ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆ ಎಷ್ಟು ಹತ್ತಿರದ್ದೆಂಬುದು ಮುಂದೆ ತಿಳಿದೀತು.

ಆನೆಯ ಕಥೆ, ಎರಡು ಬಗೆ

ಆನೆಯ ಸಿನಿಮಾ ನಮ್ಮ ಸೀಮೆಗೆ ಹಳೆಯದು. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಎಂಬ ಇಂಗ್ಲಿಷ್ ಚಿತ್ರಕ್ಕಾಗಿ ಅಂದಿನ ಮೈಸೂರು ಸಂಸ್ಥಾನದ ಕಾರಾಪುರದ ಕಾಡಿನಲ್ಲಿ ಚಿತ್ರೀಕರಣ ನಡೆದಿತ್ತು. ಮೈಸೂರಿನ ಮಾವುತನೊಬ್ಬನ ಮಗನಾದ ಸಾಬು ಆ ಚಿತ್ರದಿಂದ ಹಾಲಿವುಡ್ಡಿನವರೆಗೆ ಹೋದ. ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ಟನ್ ಕೊರ್ಡಾ ಎಂಬ ಇಬ್ಬರು ಗಂಡಸರು ಅದನ್ನು ನಿರ್ದೇಶಿಸಿದ್ದರು. ಆ ಕಥೆಯ ಹುಡುಗನಿಗೆ ದೊಡ್ಡ ಬೇಟೆಗಾರನಾಗುವ ಹಂಬಲ. ಆನೆಯೆಂದರೆ ಅಲ್ಲಿ ಬಲ, ಬೇಟೆ, ಸಾಹಸ. 1973ರ ನಮ್ಮ ‘ಗಂಧದ ಗುಡಿ’ಯಲ್ಲಿಯೂ ಕಾಡೆಂದರೆ ಕಳ್ಳರನ್ನು ಎದುರಿಸುವ ಗಂಡುಗಲಿಯ ರಂಗಭೂಮಿ. ಆ ಚಿತ್ರಗಳನ್ನು ಹಳಿಯುವ ಮಾತಲ್ಲ ಇದು. ನಾವೆಲ್ಲ ಅವನ್ನು ಮೆಚ್ಚಿ ನೋಡಿದವರೇ.

ತೆಪ್ಪಕಾಡಿನ ಚಿತ್ರದಲ್ಲಿ ಬೇಟೆಯಿಲ್ಲ, ಕಳ್ಳರಿಲ್ಲ. ಕಾಟ್ಟುನಾಯಕ ಸಮುದಾಯದ ಬೊಮ್ಮ ಮತ್ತು ಬೆಳ್ಳಿ ಎಂಬಿಬ್ಬರು ತಾಯಿಯನ್ನು ಕಳೆದುಕೊಂಡ ರಘು ಎಂಬ ಮರಿಯಾನೆಯನ್ನು ಸಾಕುತ್ತಾರೆ. ಆ ಇಬ್ಬರ ಹೆಸರುಗಳೇ ಎಷ್ಟು ಕನ್ನಡದವು ನೋಡಿ! ಅವರ ಜನರ ಮಾತೂ ಕನ್ನಡಕ್ಕೆ ಬಲು ಹತ್ತಿರದ್ದು. ಮರಿಗೆ ಮೀಯಿಸುವುದು, ಹಾಲು ಕುಡಿಸುವುದು, ಬೇಯಿಸಿದ ಆಹಾರದ ಉಂಡೆಯನ್ನು ಬಾಯಿಗಿಡುವುದು, ಬೇಡವೆಂದು ಮುಖ ತಿರುಗಿಸಿದರೆ ಗದರುವುದು, ಮತ್ತೆ ಮುದ್ದಿಸುವುದು. ಇಷ್ಟೇ ಕಥೆ. ಬೆಳ್ಳಿಯ ಮೊದಲ ಗಂಡ ಹುಲಿಗೆ ಬಲಿಯಾದವರು, ಮಗಳೂ ತೀರಿಕೊಂಡವಳು. ಹಾಗಾಗಿ ಆ ಮರಿಗೆ ಕೈತುತ್ತು ಕೊಡುವಾಗ ಆಕೆ ಸಾಕುತ್ತಿರುವುದು ಆನೆಯನ್ನು ಮಾತ್ರವಲ್ಲ ಎಂದು ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳೆದ ರಘುವನ್ನು ಅರಣ್ಯ ಇಲಾಖೆ ಬೇರೆ ಮಾವುತರಿಗೆ ಒಪ್ಪಿಸಿದಾಗ ಆ ಮನೆಯಲ್ಲಿ ಕವಿಯುವ ಮೌನವೇ ಚಿತ್ರದ ದೊಡ್ಡ ಘಟನೆ.

ಒಂದೇ ಸೀಮೆಯ ಕಾಡು, ಒಂದೇ ಪ್ರಾಣಿ. ಆದರೆ ಒಂದರಲ್ಲಿ ಆನೆಯ ಮೇಲೆ ಕೂತವನ ಕಥೆ, ಇನ್ನೊಂದರಲ್ಲಿ ಆನೆಯ ಪಕ್ಕದಲ್ಲಿ ನಿಂತು ಬಟ್ಟಲು ಹಿಡಿದವಳ ಕಥೆ. ಸಾಕುವುದು, ಉಣ್ಣಿಸುವುದು, ಕಾಯುವುದು ಸಹ ಕಥೆಗೆ ಯೋಗ್ಯವಾದ ಕೆಲಸಗಳೆಂದು ಇಲ್ಲಿ ಯಾರೋ ತೀರ್ಮಾನಿಸಿದ್ದಾರೆ. ಆ ತೀರ್ಮಾನವೇ ನಮ್ಮ ಚರ್ಚೆಯ ವಿಷಯ.

ಒಂದೇ ಶಿಕ್ಷೆ, ಎರಡು ನೋಟ

ಒಂದು ಉದಾಹರಣೆಯಿಂದ ಸಿದ್ಧಾಂತ ಕಟ್ಟುವುದು ಸರಿಯಲ್ಲ. ಆದುದರಿಂದ ಕನ್ನಡದಲ್ಲೇ ಒಂದು ವಿಷಯವನ್ನು ಗಂಡಸರೊಬ್ಬರೂ ಹೆಂಗಸರೊಬ್ಬರೂ ಚಿತ್ರಿಸಿದ ಪ್ರಸಂಗವನ್ನು ಹೋಲಿಸಿ ನೋಡೋಣ. ಅದೃಷ್ಟವಶಾತ್ ಅಂಥ ಜೋಡಿ ನಮ್ಮಲ್ಲಿ ಉಂಟು, ಎರಡೂ ಉತ್ತಮ ಚಿತ್ರಗಳೇ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದ್ದು. ಅನಂತಮೂರ್ತಿಯವರ ಕಥೆಯನ್ನಾಧರಿಸಿದ ಆ ಚಿತ್ರಕ್ಕೆ ಸ್ವರ್ಣಕಮಲ ಸಂದಿತು. ಪ್ರೇಮಾ ಕಾರಂತರ ‘ಫಣಿಯಮ್ಮ’ 1983ರದ್ದು. ಎಂ.ಕೆ. ಇಂದಿರಾ ಅವರ 1976ರ ಕಾದಂಬರಿಯನ್ನಾಧರಿಸಿದ ಆ ಚಿತ್ರಕ್ಕೂ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಎರಡರಲ್ಲೂ ಮಲೆನಾಡಿನ ಬ್ರಾಹ್ಮಣ ಮನೆ, ಎರಡರಲ್ಲೂ ಎಳೆಯ ವಿಧವೆ, ಎರಡರಲ್ಲೂ ತಲೆ ಬೋಳಿಸುವ ಕ್ರೂರ ಪದ್ಧತಿ.

‘ಘಟಶ್ರಾದ್ಧ’ದಲ್ಲಿ ಯಮುನಕ್ಕನ ದುರಂತವನ್ನು ನಾವು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ ಕಾಣುತ್ತೇವೆ. ವೇದಪಾಠಕ್ಕೆಂದು ಬಂದ ಹುಡುಗ ಅವನು. ಅವಳು ಬಸುರಿಯಾದದ್ದು, ಊರು ಪಿಸುಗುಟ್ಟಿದ್ದು, ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿದ್ದು, ಎಲ್ಲವೂ ಅವನಿಗೆ ಅರ್ಧ ತಿಳಿದು ಅರ್ಧ ತಿಳಿಯದೆ ನಡೆಯುತ್ತದೆ. ಕೊನೆಗೆ ಊರಿಗೆ ಮರಳುವ ದಾರಿಯಲ್ಲಿ ಬೋಳು ತಲೆಯ ಯಮುನಕ್ಕ ಮರದ ಬುಡದಲ್ಲಿ ಒಂಟಿಯಾಗಿ ಕೂತಿರುವುದು ಅವನಿಗೆ ಕಾಣುತ್ತದೆ. ನೋಡಿದವರು ಮರೆಯಲಾರದ ದೃಶ್ಯ. ಆದರೆ ಗಮನಿಸಿ: ಹುಡುಗ ಮುಂದೆ ನಡೆದುಬಿಡುತ್ತಾನೆ, ನಾವೂ ಅವನೊಡನೆ ನಡೆಯುತ್ತೇವೆ. ಯಮುನಕ್ಕ ಅಲ್ಲೇ ಉಳಿಯುತ್ತಾಳೆ. ಮರುದಿನ ಅವಳು ಎಲ್ಲಿಗೆ ಹೋದಳು, ಏನನ್ನು ಉಂಡಳು, ಯಾರ ಮನೆಯ ಮೂಲೆಯಲ್ಲಿ ಮಲಗಿದಳು ಎಂಬ ಕಥೆಗೆ ಚಿತ್ರ ಕೈ ಹಾಕುವುದಿಲ್ಲ.

‘ಫಣಿಯಮ್ಮ’ ಆರಂಭವಾಗುವುದು ಸರಿಯಾಗಿ ಅಲ್ಲಿಂದ, ತಲೆ ಬೋಳಿಸಿದ ಮರುದಿನದಿಂದ ಎನ್ನಬಹುದು. ಬಾಲ್ಯದಲ್ಲೇ ವಿಧವೆಯಾದ ಹುಡುಗಿ ಮುದುಕಿಯಾಗುವವರೆಗಿನ ದೀರ್ಘ ಜೀವನವೇ ಆ ಚಿತ್ರ. ಕೂಡುಕುಟುಂಬದ ಅಡುಗೆಮನೆ, ಮಡಿ, ನೀರು, ಬಾಣಂತನ, ಹಬ್ಬದ ದುಡಿತ, ಒಂದು ಹೊತ್ತಿನ ಊಟ. ಎಲ್ಲರಿಗೂ ಬೇಕಾದವಳು, ಯಾರ ಲೆಕ್ಕಕ್ಕೂ ಸಿಗದವಳು. ಕೊನೆಗೆ ಅದೇ ಮನೆತನದಲ್ಲಿ ಇನ್ನೊಬ್ಬ ಎಳೆಯ ವಿಧವೆಗೆ ತಲೆ ಬೋಳಿಸುವ ಮಾತು ಬಂದಾಗ, ಆ ಹುಡುಗಿ ಒಲ್ಲೆನೆಂದು ಎದುರು ನಿಲ್ಲುತ್ತಾಳೆ. ಆಗ ಅವಳ ಪರವಾಗಿ ಮಾತನಾಡುವವಳು ಜೀವಮಾನವಿಡೀ ಆಚಾರ ಪಾಲಿಸಿದ ಈ ಮುದುಕಿ. ತನಗಾದದ್ದು ಇವಳಿಗೆ ಆಗುವುದು ಬೇಡ ಎಂಬಷ್ಟೇ ಅವಳ ನ್ಯಾಯ. ಶಾಸ್ತ್ರ ಓದಿದವರಿಗೆ ಹೊಳೆಯದ ಮಾತು ಅಡುಗೆಮನೆಯಲ್ಲಿ ಸವೆದವಳಿಗೆ ಹೊಳೆಯಿತು.

ಒಂದು ಚಿತ್ರ ಅನ್ಯಾಯವನ್ನು ಕಂಡು ಮರುಗುತ್ತದೆ, ಇನ್ನೊಂದು ಅನ್ಯಾಯದ ಒಳಗೆ ಕೂತು ದಿನ ಎಣಿಸುತ್ತದೆ. ಯಾವುದು ಹೆಚ್ಚು ಎಂದು ತೂಗಬೇಕಾಗಿಲ್ಲ. ಆದರೆ ಎರಡನೆಯದು ಬಾರದೇ ಹೋಗಿದ್ದರೆ ಮೊದಲನೆಯದೇ ಪೂರ್ಣ ಸತ್ಯವೆಂದು ನಾವು ನಂಬಿಬಿಡುತ್ತಿದ್ದೆವು ಎಂಬುದರಲ್ಲಿ ಸಂಶಯವಿಲ್ಲ.

ಪ್ರೇಮಾ ಕಾರಂತರು ಕನ್ನಡದ ಮೊದಲ ಚಿತ್ರ ನಿರ್ದೇಶಕಿಯೆಂದು ಗುರುತಿಸಲ್ಪಡುವವರು. ನಮ್ಮ ಕರಾವಳಿಯ ಬಾಬುಕೋಡಿಯ ಬಿ.ವಿ. ಕಾರಂತರ ಪತ್ನಿ ಎಂಬುದಷ್ಟೇ ಅವರ ಪರಿಚಯವಲ್ಲ. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಮಕ್ಕಳ ರಂಗಭೂಮಿಯನ್ನು ಕಟ್ಟಿ, ವಸ್ತ್ರವಿನ್ಯಾಸದಲ್ಲಿ ಹೆಸರಾಗಿ, ಆಮೇಲೆ ನಿರ್ದೇಶನಕ್ಕೆ ಬಂದವರು. ‘ಫಣಿಯಮ್ಮ’ದ ಕ್ಯಾಮರಾ ಹಿಡಿದವರು ಗಂಡಸು, ಕೇರಳದ ಮಧು ಅಂಬಾಟ್. ಸಂಗೀತ ಬಿ.ವಿ. ಕಾರಂತರದ್ದು. ಆದ್ದರಿಂದ ಹೆಣ್ಣಿನ ನೋಟವೆಂದರೆ ಯಂತ್ರಕ್ಕೆ ಕಣ್ಣಿಟ್ಟವರು ಯಾರು ಎಂಬುದಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾರೊಡನೆ ಉಳಿಯಬೇಕು ಎಂಬುದನ್ನು ನಿರ್ಧರಿಸಿದವರು ಯಾರು ಎಂಬುದು.

ಹೊರದೇಶದಲ್ಲಿಯೂ ಇಂಥದೊಂದು ಪ್ರಸಂಗವುಂಟು. ಬೆಲ್ಜಿಯಂ ದೇಶದ ಶಾಂತಾಲ್ ಆಕರ್ಮಾನ್ ಎಂಬ ತರುಣಿ 1975ರಲ್ಲಿ ‘ಜಾನ್ ಡೀಲ್ಮನ್’ ಎಂಬ ಚಿತ್ರ ಮಾಡಿದಳು. ಒಬ್ಬ ವಿಧವೆಯ ಮೂರು ದಿನಗಳ ಬದುಕು, ಮೂರು ಗಂಟೆಗೂ ಮೀರಿದ ಚಿತ್ರ. ಆಲೂಗಡ್ಡೆ ಸುಲಿಯುವುದನ್ನು, ಪಾತ್ರೆ ತೊಳೆಯುವುದನ್ನು ಅದು ಆತುರವಿಲ್ಲದೆ ತೋರಿಸುತ್ತದೆ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಗಳಿಗೊಮ್ಮೆ ವಿಮರ್ಶಕರ ಮತ ಕೇಳಿ ಸರ್ವಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತದೆ. 2022ರ ಪಟ್ಟಿಯಲ್ಲಿ ಮೊದಲ ಸ್ಥಾನ ಈ ಚಿತ್ರಕ್ಕೆ. ಹೆಂಗಸೊಬ್ಬಳ ಚಿತ್ರ ಆ ಸ್ಥಾನಕ್ಕೇರಿದ್ದು ಅದೇ ಮೊದಲು. ಅಡುಗೆಮನೆಯ ಕಾಲಕ್ಕೆ ಬೆಲೆ ಬರಲು 47 ವರ್ಷ ಹಿಡಿಯಿತು.

ಗಂಡಸರು ಕಾಣಲಾರರೇ?

ಇಷ್ಟು ಹೇಳಿದ ಮೇಲೆ ವಾಚಕರಲ್ಲಿ ಕೆಲವರು ಎದ್ದು ನಿಂತು ಪುಟ್ಟಣ್ಣ ಕಣಗಾಲರನ್ನು ಮರೆತಿರಾ ಎಂದು ಕೇಳುವುದು ಸಹಜ. ಮರೆಯುವಂತಿಲ್ಲ. ‘ಬೆಳ್ಳಿಮೋಡ’, ‘ಗೆಜ್ಜೆಪೂಜೆ’, ‘ಶರಪಂಜರ’ಗಳಲ್ಲಿ ಹೆಣ್ಣಿನ ಮನಸ್ಸನ್ನು ತೆರೆಯ ಮಧ್ಯಕ್ಕೆ ತಂದವರು ಅವರು. ನಮ್ಮ ಗೂಡಲೂರಿಗೆ ನೆರೆಯಾದ ವಯನಾಡಿನ ಎಡಕಲ್ಲು ಗುಡ್ಡವನ್ನು ಕನ್ನಡಿಗರ ಮನೆಮಾತಾಗಿಸಿದ್ದು 1973ರ ಅವರ ಚಿತ್ರವೇ. ಹೆಂಡತಿಯೊಬ್ಬಳ ತೀರದ ಬಯಕೆಯನ್ನು ಅಷ್ಟು ಬಿಚ್ಚಿ ಹೇಳುವ ಧೈರ್ಯ ಆ ಕಾಲದಲ್ಲಿ ಎಷ್ಟು ಜನಕ್ಕಿತ್ತು?

ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ‘ಬೆಳ್ಳಿಮೋಡ’ ಮತ್ತು ‘ಶರಪಂಜರ’ ತ್ರಿವೇಣಿಯವರ ಕಾದಂಬರಿಗಳು. ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದ್ದು. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿಯನ್ನು ಹುಚ್ಚಿಯೆಂದು ದೂರವಿಡುವ ಮನೆಯೊಳಗಿನ ಕಥೆಯನ್ನು ಪುಟ್ಟಣ್ಣನವರು 1971ರಲ್ಲಿ ಚಿತ್ರಿಸುವ ಮೊದಲೇ ತ್ರಿವೇಣಿ ಬರೆದಿಟ್ಟು, 1963ರಲ್ಲಿ ತೀರಿಕೊಂಡಿದ್ದರು. ಎಳವೆಯಲ್ಲೇ ಮದುವೆಯಾಗಿ ಶಾಲೆ ಬಿಟ್ಟ ಇಂದಿರಾ ಅವರು ಕಾದಂಬರಿ ಪ್ರಕಟಿಸತೊಡಗಿದ್ದು ನಲ್ವತ್ತು ದಾಟಿದ ಮೇಲೆ. ಅಂದರೆ, ಕನ್ನಡದಲ್ಲಿ ಹೆಣ್ಣಿನ ಕಣ್ಣು ಸಿನಿಮಾಕ್ಕೆ ಬಂದದ್ದು ಮೊದಲಿಗೆ ಕ್ಯಾಮರಾದ ಮೂಲಕವಲ್ಲ, ಲೇಖನಿಯ ಮೂಲಕ. ಲೇಖನಿಗೆ ಬೇಕಾದ ಬಂಡವಾಳ ಒಂದು ದಸ್ತು ಕಾಗದ. ಕ್ಯಾಮರಾಕ್ಕೆ ಬೇಕಾದದ್ದು ಲಕ್ಷಗಟ್ಟಲೆ ಹಣ. ಆದುದರಿಂದಲೇ ನಮ್ಮಲ್ಲಿ ಲೇಖಕಿಯರು ಅನೇಕರು, ನಿರ್ದೇಶಕಿಯರು ಕೆಲವರು.

ಮಲಯಾಳದ ಇನ್ನೊಂದು ನಿದರ್ಶನ ಇನ್ನೂ ಸ್ಪಷ್ಟ. 2021ರಲ್ಲಿ ಬಂದ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಚಿತ್ರವನ್ನು ಕೇರಳದಲ್ಲಿ ನೋಡದ ಮನೆ ಕಡಿಮೆ. ತುಂಬಿ ಕಟ್ಟಿಕೊಂಡ ತೊಟ್ಟಿಯ ನೀರು, ಗಂಡಸರು ಉಂಡು ಮೇಜಿನ ಮೇಲೆ ಉಗಿದಿಟ್ಟ ನುಗ್ಗೆಯ ಸಿಪ್ಪೆ, ಅದನ್ನು ದಿನದಿನವೂ ಬಾಚುವ ಕೈ. ಇಷ್ಟನ್ನೇ ತೋರಿಸಿ ಎಷ್ಟೋ ಮನೆಗಳಲ್ಲಿ ಮಾತು ಎಬ್ಬಿಸಿದ ಆ ಚಿತ್ರದ ನಿರ್ದೇಶಕ ಜಿಯೋ ಬೇಬಿ ಗಂಡಸು. ಮದುವೆಯ ನಂತರ ತಾನೇ ಅಡುಗೆಮನೆಯ ಕೆಲಸಕ್ಕೆ ಇಳಿದಾಗ ಈ ಕಥೆ ಹೊಳೆಯಿತೆಂದು ಅವರು ಹೇಳಿಕೊಂಡಿದ್ದಾರೆ. ಕೆಲಸಕ್ಕೆ ಇಳಿದವನಿಗೆ ಕಂಡಿತು, ಊಟಕ್ಕೆ ಕೂತವನಿಗೆ ಕಾಣಲಿಲ್ಲ.

ಕನ್ನಡ ಪಾಠ ಹೇಳುವ ನನಗೆ ಇದು ತರಗತಿಯ ಅನುಭವವೂ ಹೌದು. ‘ನಮ್ಮ ಮನೆಯ ಬೆಳಗು’ ಎಂದು ಪ್ರಬಂಧ ಬರೆಯಲು ಹೇಳಿದರೆ ಹೆಚ್ಚಿನ ಹುಡುಗರು, ಅಮ್ಮ ತಿಂಡಿ ಮಾಡಿದರು, ನಾನು ಶಾಲೆಗೆ ಹೊರಟೆ ಎಂದು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಹುಡುಗಿಯರ ಪುಸ್ತಕದಲ್ಲಿ ಹಸಿ ಸೌದೆಯ ಹೊಗೆ ಇರುತ್ತದೆ, ನೀರು ನಿಂತುಹೋದ ನಲ್ಲಿ ಇರುತ್ತದೆ, ತಮ್ಮನ ಅಂಗಿಯ ಗುಂಡಿ ಇರುತ್ತದೆ. ಆದರೆ ಒಂದು ವರ್ಷ ಒಬ್ಬ ಹುಡುಗ ಹುಡುಗಿಯರಿಗಿಂತಲೂ ವಿವರವಾಗಿ ಬರೆದಿದ್ದ. ಕೇಳಿದಾಗ ತಿಳಿಯಿತು: ತಾಯಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು, ಒಲೆ ಹಚ್ಚುತ್ತಿದ್ದವನು ಅವನೇ. ಹಾಗಾದರೆ ಈ ದೃಷ್ಟಿ ರಕ್ತದಲ್ಲಿ ಬಂದದ್ದಲ್ಲ, ನಿಂತ ಜಾಗದಿಂದ ಬಂದದ್ದು. ತಲೆತಲಾಂತರದಿಂದ ಹೆಂಗಸರನ್ನು ಒಂದು ಜಾಗದಲ್ಲಿ ನಿಲ್ಲಿಸಿದ್ದೇವೆ. ಅಲ್ಲಿಂದ ಕಾಣುವುದು ಅವರಿಗೆ ಹೆಚ್ಚು ಕಂಡಿದೆ, ಅಷ್ಟೇ.

ಹೆಂಗಸರೆಲ್ಲ ಒಂದೇ ಅಲ್ಲ

ಹಾಗೆಂದ ಮಾತ್ರಕ್ಕೆ ಹೆಂಗಸು ನಿರ್ದೇಶಿಸಿದ್ದೆಲ್ಲ ಕಣ್ಣೀರಿನ ಮೃದುವಾದ ಚಿತ್ರವೇ ಆಗಬೇಕೆಂದು ನಿರೀಕ್ಷಿಸುವುದು ಇನ್ನೊಂದು ಬಗೆಯ ಬೇಡಿ. ಸುಮನಾ ಕಿತ್ತೂರು 2008ರಲ್ಲಿ ‘ಸ್ಲಂ ಬಾಲ’, 2012ರಲ್ಲಿ ‘ಎದೆಗಾರಿಕೆ’ ಎಂದು ಭೂಗತಲೋಕದ ಚಿತ್ರಗಳನ್ನು ಮಾಡಿದರು. ಆಮೇಲೆ ತೇಜಸ್ವಿಯವರ ‘ಕಿರಗೂರಿನ ಗಯ್ಯಾಳಿಗಳು’ ಕಥೆಯನ್ನು 2016ರಲ್ಲಿ ತೆರೆಗೆ ತಂದರು. ಅಮೆರಿಕದ ಕ್ಯಾಥರಿನ್ ಬಿಗೆಲೊ 2010ರಲ್ಲಿ ನಿರ್ದೇಶನದ ಆಸ್ಕರ್ ಪಡೆದ ಮೊದಲ ಮಹಿಳೆಯಾದದ್ದು ‘ದಿ ಹರ್ಟ್ ಲಾಕರ್’ ಎಂಬ ಯುದ್ಧದ ಚಿತ್ರಕ್ಕೆ. ಕವಿತಾ ಲಂಕೇಶರ 1999ರ ‘ದೇವೀರಿ’ ತಂದೆ ಪಿ. ಲಂಕೇಶರ ‘ಅಕ್ಕ’ ಕಾದಂಬರಿಯನ್ನಾಧರಿಸಿದ್ದು. ಅದರಲ್ಲಿ ಅಕ್ಕನ ಕಥೆಯನ್ನು ತಮ್ಮ ಕ್ಯಾತನ ಜೊತೆಗಿದ್ದು ನೋಡುತ್ತೇವೆ. ಅಡುಗೆಮನೆಯ ಕಥೆಯನ್ನೇ ಹೇಳು ಎಂದು ಹೆಂಗಸಿಗೆ ಹೇಳುವುದು ಅವಳನ್ನು ಮತ್ತೆ ಅಡುಗೆಮನೆಗೇ ಕಳುಹಿಸಿದಂತೆ.

ಇದಕ್ಕಿಂತ ಕಠಿಣವಾದ ಮಾತೊಂದಿದೆ. ಹೆಣ್ಣು ಹೆಣ್ಣನ್ನು ನೋಡುವಾಗಲೂ ನೋಡುವವಳು, ನೋಡಿಸಿಕೊಳ್ಳುವವಳು ಎಂಬ ಅಂತರ ಅಳಿಯುವುದಿಲ್ಲ. ತೆಪ್ಪಕಾಡಿಗೇ ಮರಳಿ ಹೇಳುವುದಾದರೆ, 2023ರ ಆಗಸ್ಟ್‌ನಲ್ಲಿ ಬೊಮ್ಮ ಮತ್ತು ಬೆಳ್ಳಿ ದಂಪತಿ ಹಣದ ವಿಷಯವಾಗಿ ಚಿತ್ರ ತಯಾರಕರ ಮೇಲೆ ಬಹಿರಂಗವಾಗಿ ಅಸಮಾಧಾನ ತೋಡಿಕೊಂಡರು. ತಯಾರಕರು ಆ ದೂರನ್ನು ಅಲ್ಲಗಳೆದರು. ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ. ಆದರೆ ಕಾಡಿನ ಮಗಳ ಕಥೆಯನ್ನು ಜಗತ್ತಿಗೆ ತೋರಿಸಿದವರು ಪಟ್ಟಣದ ವಿದ್ಯಾವಂತ ಮಹಿಳೆ. ಬೆಳ್ಳಿಯ ಕೈಯಲ್ಲಿ ಕ್ಯಾಮರಾ ಇರಲಿಲ್ಲ. ಇದ್ದಿದ್ದರೆ ಆಕೆ ಏನನ್ನು ತೋರಿಸುತ್ತಿದ್ದರು? ಆ ಚಿತ್ರವನ್ನು ನಾವು ಇನ್ನೂ ನೋಡಿಲ್ಲ. ಅದೇ ಆಗಸ್ಟ್‌ನಲ್ಲಿ ತಮಿಳುನಾಡು ಸರಕಾರ ಬೆಳ್ಳಿಯವರನ್ನು ತೆಪ್ಪಕಾಡು ಶಿಬಿರದ ಮೊದಲ ಮಹಿಳಾ ಕಾವಾಡಿಯಾಗಿ ನೇಮಿಸಿತೆಂಬುದು ಸಂತೋಷದ ಸಂಗತಿ. ಮಾಡುತ್ತಲೇ ಬಂದ ಕೆಲಸಕ್ಕೆ ಹೆಸರೂ ಸಂಬಳವೂ ದೊರೆತದ್ದು ಚಿತ್ರ ಬಂದ ಮೇಲೆ ಎಂಬುದೂ ನೆನಪಿರಲಿ.

ಅವಕಾಶ ಕೊಟ್ಟರೆ ತಾನೇ?

‘ಫಣಿಯಮ್ಮ’ ಬಂದ 16 ವರ್ಷಗಳ ಮೇಲೆ ‘ದೇವೀರಿ’ ಬಂತು. ಈಚೆಗೆ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ. 2018ರಲ್ಲಿ ಚಂಪಾ ಶೆಟ್ಟಿಯವರು ವೈದೇಹಿಯವರ ಕಥೆಗಳನ್ನು ಆಯ್ದು ‘ಅಮ್ಮಚ್ಚಿಯೆಂಬ ನೆನಪು’ ಚಿತ್ರ ಮಾಡಿದರು. ಕುಂದಾಪುರದ ಕನ್ನಡದಲ್ಲಿ, ತನಗೆ ಬೇಕಾದಂತೆ ಉಡುವುದಕ್ಕೂ ಹೊರಗೆ ಹೋಗುವುದಕ್ಕೂ ಹೋರಾಡಬೇಕಾದ ಹುಡುಗಿಯ ಕಥೆ. 2019ರಲ್ಲಿ ರೂಪಾ ರಾವ್ ಅವರ ‘ಗಂಟುಮೂಟೆ’ ಬಂತು. ಹೈಸ್ಕೂಲಿನ ಹುಡುಗಿಯೊಬ್ಬಳ ಮೊದಲ ಪ್ರೀತಿಯನ್ನು ಹುಡುಗಿಯ ಕಡೆಯಿಂದಲೇ ಹೇಳಿದ ಚಿತ್ರ ಅದು. ಹುಡುಗಿ ನೋಡುತ್ತಾಳೆ, ಹುಡುಗ ನೋಡಿಸಿಕೊಳ್ಳುತ್ತಾನೆ. ಕನ್ನಡ ಸಿನಿಮಾದಲ್ಲಿ ಇದು ಎಷ್ಟು ಅಪರೂಪ ಎಂಬುದು ಚಿತ್ರ ನೋಡುವವರಿಗೆ ಗೊತ್ತು.

ಕೇರಳ ಸರಕಾರ ಇನ್ನೊಂದು ದಾರಿ ತೋರಿಸಿದೆ. ಅಲ್ಲಿನ ರಾಜ್ಯ ಚಲನಚಿತ್ರ ಅಭಿವೃದ್ಧಿ ನಿಗಮ ಮಹಿಳಾ ನಿರ್ದೇಶಕರಿಗೆಂದೇ ಯೋಜನೆ ಹಾಕಿ, ಒಂದು ಚಿತ್ರಕ್ಕೆ ಒಂದೂವರೆ ಕೋಟಿ ರೂಪಾಯಿವರೆಗೆ ಒದಗಿಸುತ್ತ ಬಂದಿದೆ. ತಾರಾ ರಾಮಾನುಜನ್ ಅವರ ‘ನಿಷಿದ್ಧೊ’, ಶ್ರುತಿ ಶರಣ್ಯಂ ಅವರ ‘ಬಿ 32 ಮುದಲ್ 44 ವರೆ’ ಹೊರಬಂದದ್ದು ಹಾಗೆ. ಸರಕಾರದ ಹಣದಿಂದ ಒಳ್ಳೆಯ ಚಿತ್ರ ಹುಟ್ಟುವುದೇ ಎಂದು ಕೇಳುವವರಿಗೆ ಇವೇ ಉತ್ತರ. ಅದೇ ಕೇರಳದಲ್ಲಿ, ಚಿತ್ರರಂಗದ ಮಹಿಳೆಯರು ಎದುರಿಸುವ ಕಷ್ಟಗಳನ್ನು ವಿಚಾರಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2019ರಲ್ಲೇ ಸಲ್ಲಿಕೆಯಾದರೂ ಜನರ ಕೈಗೆ ಬಂದದ್ದು 2024ರ ಆಗಸ್ಟ್‌ನಲ್ಲಿ. ದುಡಿಯುವ ಜಾಗದಲ್ಲಿ ಭಯವಿಲ್ಲದೆ ನಿಲ್ಲಲಾಗದವರಿಂದ ಸ್ವತಂತ್ರ ದೃಷ್ಟಿಯನ್ನು ನಿರೀಕ್ಷಿಸುವುದೆಂತು?

ನಮ್ಮ ಶಾಲೆ, ನಮ್ಮ ಹುಡುಗಿಯರು

ಈಗ ನಮ್ಮ ಮನೆಯ ಮಾತಿಗೆ ಬರೋಣ. 2018ರಲ್ಲಿ ರಿಷಬ್ ಶೆಟ್ಟಿಯವರ ‘ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಬಂದಾಗ ಗಡಿನಾಡಿನ ಕನ್ನಡಿಗರೆಲ್ಲ ಹೆಮ್ಮೆಪಟ್ಟರು. ನಮ್ಮ ಶಾಲೆಯ ಅಳಲು ತೆರೆಯ ಮೇಲೆ ಬಂದಿತ್ತು. ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಸಂದಿತು. ಗೂಡಲೂರಿನ ಕನ್ನಡಿಗನೂ ಕಾಸರಗೋಡಿನ ಕನ್ನಡಿಗನೂ ಒಂದೇ ಕಡೆ ನಕ್ಕು ಒಂದೇ ಕಡೆ ಕಣ್ಣೊರಸಿಕೊಳ್ಳುವ ಚಿತ್ರ ಅದು. ಮೆಚ್ಚಿದ ಚಿತ್ರದ ಬಗ್ಗೆಯೇ ಒಂದು ಪ್ರಶ್ನೆ ಕೇಳಬಹುದು: ಆ ಶಾಲೆಯ ಕಥೆ ಹುಡುಗರ ಕಥೆ. ತರಲೆ ಅವರದ್ದು, ಮೊದಲ ಪ್ರೀತಿ ಅವರದ್ದು, ಹೋರಾಟದ ಮುಂದಾಳುತನವೂ ಹೆಚ್ಚಾಗಿ ಅವರದ್ದು. ಹುಡುಗಿ ಅಲ್ಲಿ ಮುಖ್ಯವಾಗಿ ಹುಡುಗನ ಕಣ್ಣಿಗೆ ಕಂಡವಳು. ಅದೇ ಬೆಂಚಿನ ಆಚೆ ಬದಿಯಲ್ಲಿ ಕೂತ ಹುಡುಗಿಯ ಕಡೆಯಿಂದ ಆ ಶಾಲೆ ಹೇಗೆ ಕಂಡೀತು?

ಅವಳ ಕಥೆಯಲ್ಲಿ ಬೇರೆ ಸಂಗತಿಗಳಿರುತ್ತವೆ. ಶಾಲೆ ಮುಚ್ಚಿದರೆ ಹುಡುಗ ಬಸ್ಸು ಹತ್ತಿ ದೂರದ ಶಾಲೆಗೆ ಹೋದಾನು. ಹುಡುಗಿಗೆ ಮನೆಯವರು ಹೋಗಬೇಡ ಎಂದಾರು. ಮನೆಯಲ್ಲಿ ಕನ್ನಡವೋ ಬಡಗವೋ ತುಳುವೋ, ಅಂಗಡಿಯಲ್ಲಿ ತಮಿಳು, ನೆರೆಮನೆಯಲ್ಲಿ ಮಲಯಾಳ. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು ವೈದ್ಯರಿಗೆ ಅವರ ಬೇನೆಯನ್ನು ಇನ್ನೊಂದು ಭಾಷೆಯಲ್ಲಿ ಹೇಳುವ ಕೆಲಸ ಎಷ್ಟೋ ಸಲ ಮನೆಯ ಹುಡುಗಿಯದ್ದು. ಕನ್ನಡ ಉಳಿಸಿ ಎಂದು ವೇದಿಕೆಯಲ್ಲಿ ಮಾತನಾಡುವವರು ಗಂಡಸರು. ಮಗುವಿಗೆ ಮೊದಲ ಕನ್ನಡ ಕಲಿಸುವವಳು ತಾಯಿ. ಮದುವೆಯಾಗಿ ಅನ್ಯಭಾಷೆಯ ಮನೆಗೆ ಹೋಗಿ ತನ್ನ ಮಾತನ್ನು ಅಲ್ಲಿ ಒಬ್ಬಂಟಿಯಾಗಿ ಕಾಪಾಡಿಕೊಳ್ಳಬೇಕಾದವಳೂ ಅವಳೇ. ಈ ಕಥೆಯನ್ನು ತೆರೆಯ ಮೇಲೆ ಯಾರು ಹೇಳಿದ್ದಾರೆ?

2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಗ್ರಾಂ ಪ್ರಿ ಗೆದ್ದ ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಮುಂಬಯಿಯಲ್ಲಿ ದುಡಿಯುವ ಮಲಯಾಳಿ ನರ್ಸುಗಳ ಕಥೆ. ಜರ್ಮನಿಯಲ್ಲಿರುವ ಗಂಡನಿಂದ ಮಾತಿಲ್ಲ, ಕಾಗದವಿಲ್ಲ. ಒಂದು ದಿನ ಆ ದೇಶದಿಂದ ಅನ್ನ ಬೇಯಿಸುವ ಕುಕ್ಕರೊಂದು ಬರುತ್ತದೆ. ರಾತ್ರಿ ಒಬ್ಬಳೇ ನೆಲದ ಮೇಲೆ ಕೂತು ಆ ಕುಕ್ಕರನ್ನು ಅವಳು ಅಪ್ಪಿಕೊಳ್ಳುತ್ತಾಳೆ. ಪರಭಾಷೆಯ ಊರಿನಲ್ಲಿ ಹೆಣ್ಣಿನ ಒಂಟಿತನವೆಂದರೇನು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ಮಲಯಾಳಿ ಹೆಣ್ಣುಮಕ್ಕಳಿಗೆ ದೊರೆತ ಈ ಭಾಗ್ಯ ಕನ್ನಡತಿಯರಿಗೆ ಏಕೆ ದೊರೆಯಬಾರದು?

ಇಲ್ಲಿಗೆ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಹೆಣ್ಣಿಗೆ ಹುಟ್ಟಿನಿಂದ ಬಂದ ಬೇರೆ ಕಣ್ಣಿಲ್ಲ. ಅವಳಿಗೆ ನಿಲ್ಲಲು ಕೊಟ್ಟ ಜಾಗ ಬೇರೆ, ಆ ಜಾಗದಿಂದ ಕಾಣುವ ಸತ್ಯ ಬೇರೆ. ಮನಸ್ಸಿದ್ದರೆ ಗಂಡಸೂ ಅಲ್ಲಿಗೆ ಹೋಗಿ ನಿಲ್ಲಬಹುದು. ಆದರೆ ಅಲ್ಲಿಯೇ ನಿಂತಿರುವವಳ ಕೈಗೆ ಉಪಕರಣ ಕೊಡದೆ, ಬೇರೆಯವರು ಬಂದು ನೋಡಿ ಹೇಳಲಿ ಎಂದು ಕಾಯುವುದು ನ್ಯಾಯವಲ್ಲ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಷ್ಟವನ್ನು ರಾಜಧಾನಿಯವರು ಮರುಕದಿಂದ ಹೇಳಿದಾಗಲೂ ಏನೋ ಒಂದು ಬಿಟ್ಟುಹೋಯಿತೆಂದು ನಮಗೆ ಅನಿಸುವುದಿಲ್ಲವೇ? ನಮ್ಮ ಮನೆಯ ಹೆಣ್ಣುಮಕ್ಕಳಿಗೂ ನಮ್ಮ ಕಥೆಗಳನ್ನು ಕೇಳುವಾಗ ಹಾಗೆಯೇ ಅನಿಸುತ್ತಿರಬೇಕು.

ನಮ್ಮಿಂದ ಆಗಬಹುದಾದ ಕೆಲಸ ಚಿಕ್ಕದು, ಆದರೆ ಆಗದ್ದೇನಲ್ಲ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಹಾಡು, ಕುಣಿತ, ಸನ್ಮಾನ ಏರ್ಪಡಿಸುತ್ತವೆ. ಅದರ ಜೊತೆಗೆ ಒಂದು ಸಂಜೆ ‘ಘಟಶ್ರಾದ್ಧ’ವನ್ನೂ ಮರುಸಂಜೆ ‘ಫಣಿಯಮ್ಮ’ವನ್ನೂ ತೋರಿಸಲಿ, ಆಮೇಲೆ ಮೊದಲು ಮಾತನಾಡುವ ಸರದಿ ಹುಡುಗಿಯರಿಗೆ ಇರಲಿ. ಇಂದು ಕ್ಯಾಮರಾಕ್ಕಾಗಿ ಲಕ್ಷ ರೂಪಾಯಿ ಬೇಕಿಲ್ಲ, ಎಷ್ಟೋ ಮನೆಗಳ ಮೊಬೈಲಿನಲ್ಲೇ ಅದು ಉಂಟು. ರಜೆಯಲ್ಲಿ ಮಗಳ ಕೈಗೆ ಅದನ್ನು ಕೊಟ್ಟು, ಅಜ್ಜಿಯ ಒಂದು ಬೆಳಗನ್ನು ಹತ್ತು ನಿಮಿಷದಲ್ಲಿ ಹಿಡಿದು ತಾ ಎಂದು ಹೇಳಿ ನೋಡಿ. ಮೊಬೈಲು ಕೊಟ್ಟರೆ ಹುಡುಗಿ ಕೆಟ್ಟುಹೋದಾಳು ಎಂದು ಅಂಜುವ ತಂದೆತಾಯಂದಿರು, ಅದೇ ಮೊಬೈಲನ್ನು ಮಗನಿಗೆ ಕೊಡುವಾಗ ಅಂಜಿದ್ದರೇ ಎಂದು ತಮ್ಮನ್ನೇ ಕೇಳಿಕೊಳ್ಳಲಿ. ಹತ್ತನೆಯ ತರಗತಿ ಮುಗಿಸಿದ ಮಗಳು ಸಿನಿಮಾ ಕಲಿಯುತ್ತೇನೆ ಎಂದರೆ ನಕ್ಕು ಬಿಡದೆ, ಎಲ್ಲಿ ಕಲಿಸುತ್ತಾರೆಂದು ಒಮ್ಮೆ ವಿಚಾರಿಸಲಿ.

ಮಸಿನಗುಡಿಯ ಕಾಡಂಚಿನಲ್ಲಿಯೋ ಕುಂಬಳೆಯ ಕಡಲಂಚಿನಲ್ಲಿಯೋ ಇಂದು ಏಳನೆಯ ತರಗತಿಯಲ್ಲಿ ಕೂತಿರುವ ಯಾವುದೋ ಕನ್ನಡದ ಹುಡುಗಿಯ ತಲೆಯಲ್ಲಿ ಆ ಚಿತ್ರ ಆಗಲೇ ಓಡುತ್ತಿರಬಹುದು. ಅದು ತೆರೆಗೆ ಬರುವುದೋ ಅವಳೊಳಗೇ ಉಳಿಯುವುದೋ ಎಂಬುದು ಅವಳ ಮನೆಯವರ ಕೈಯಲ್ಲಿದೆ.